7010 ಎಂದರೆ ಯಾವ 7010?

ಬೆಂಗಳೂರು, ಹುಬ್ಬಳ್ಳಿಯ ಕಚೇರಿಗಳು ಕೈಬಿಟ್ಟ ಸಣ್ಣ ಡೆಸ್ಕ್‌ಟಾಪ್ ಪೆಟ್ಟಿಗೆಗಳು ಈಗ ಶಿರಸಿ, ಸಿದ್ದಾಪುರ, ಯಲ್ಲಾಪುರದ ಅನೇಕ ಮನೆಗಳಿಗೆ ಬಂದಿವೆ. ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್ ಮುಂತಾದ ಈ ಯಂತ್ರಗಳು ನಿಜಕ್ಕೂ ಗಟ್ಟಿ. ಹತ್ತು ಹನ್ನೆರಡು ವರ್ಷ ದುಡಿದ ಮೇಲೂ ಸೊಸೈಟಿಯ ಲೆಕ್ಕಪತ್ರಕ್ಕೆ, ಮಕ್ಕಳ ಓದಿಗೆ, ಪಹಣಿ ಮುದ್ರಿಸಿಕೊಳ್ಳುವುದಕ್ಕೆ ಧಾರಾಳವಾಗಿ ಸಾಕಾಗುತ್ತವೆ. 5,000 ರೂಪಾಯಿಯೊಳಗೆ ಅವುಗಳನ್ನು ಇನ್ನಷ್ಟು ಚುರುಕು ಮಾಡಿಕೊಳ್ಳಬೇಕೆಂದು ನನ್ನ ಬಳಿ ಬರುವವರ ಆಸೆ ನ್ಯಾಯವಾದದ್ದೇ. ನನಗೆ ಬೇಸರ ತರಿಸುವುದು ಒಂದೇ ಸಂಗತಿ: ಬಿಡಿಭಾಗವನ್ನು ಮೊದಲು ಕೊಂಡು, ಅದು ಹೊಂದುತ್ತದೆಯೇ ಎಂದು ಆಮೇಲೆ ಕೇಳಲು ಬರುವುದು.

ಹೀಗೆ ಕೊಳ್ಳುವವರು ಏನೂ ವಿಚಾರಿಸದೆ ಕೊಳ್ಳುತ್ತಾರೆ ಎಂದಲ್ಲ. ಪೆಟ್ಟಿಗೆಯ ಮುಂಭಾಗದಲ್ಲಿರುವ ಮಾದರಿ ಸಂಖ್ಯೆಯನ್ನು ನೋಡಿ, ಅದೇ ಸಂಖ್ಯೆಯ ವಿಡಿಯೋ ಹುಡುಕಿ, ಅಲ್ಲಿ ಹಾಕಿದ ಭಾಗವನ್ನೇ ತರಿಸುತ್ತಾರೆ. ಎಡವಟ್ಟಾಗುವುದು ಅಲ್ಲಿಯೇ. ಇಂಟೆಲ್ ಕಂಪನಿಯ ಮೂರನೇ ತಲೆಮಾರಿನ ಪ್ರೊಸೆಸರುಗಳ ಕಾಲದ, ಅಂದರೆ 2012ರ ಆಪ್ಟಿಪ್ಲೆಕ್ಸ್ 7010 ಒಂದೇ ಗಾತ್ರದಲ್ಲಿ ಬರಲಿಲ್ಲ. ಮಿನಿ ಟವರ್, ಡೆಸ್ಕ್‌ಟಾಪ್, ಸ್ಮಾಲ್ ಫಾರ್ಮ್ ಫ್ಯಾಕ್ಟರ್, ಅಲ್ಟ್ರಾ ಸ್ಮಾಲ್ ಎಂದು ನಾಲ್ಕು ಗಾತ್ರಗಳಲ್ಲಿ ಬಂತು. ಒಳಗಿನ ಭಾಗಗಳಿಗೆ ವಿದ್ಯುತ್ತು ಒದಗಿಸುವ ಘಟಕ, ಅಂದರೆ ಪವರ್ ಸಪ್ಲೈ ಕೂಡ ಅದೇ ಕ್ರಮದಲ್ಲಿ 275, 250, 240 ಮತ್ತು 200 ವ್ಯಾಟ್. ನಾಲ್ಕರ ಮೇಲೂ ಬರೆದಿರುವುದು 7010 ಎಂದೇ. ಸಾಲದ್ದಕ್ಕೆ, ಡೆಲ್ ಕಂಪನಿ 2023ರಲ್ಲಿ ಹದಿಮೂರನೇ ತಲೆಮಾರಿನ ಪ್ರೊಸೆಸರ್ ಇರುವ ಹೊಚ್ಚಹೊಸ ಯಂತ್ರಕ್ಕೂ ಅದೇ 7010 ಎಂಬ ಸಂಖ್ಯೆಯನ್ನು ಕೊಟ್ಟಿತು. ಆದ್ದರಿಂದ ಸಂಖ್ಯೆಯೊಂದನ್ನೇ ಹಿಡಿದು ಹೊರಟರೆ ಯಂತ್ರದ ಗಾತ್ರವೂ ತಿಳಿಯುವುದಿಲ್ಲ, ವಯಸ್ಸೂ ತಿಳಿಯುವುದಿಲ್ಲ.

ಸಿದ್ದಾಪುರದ ಕಡೆಯ ಒಬ್ಬ ವಿದ್ಯಾರ್ಥಿ ತನ್ನ ತಂದೆಯ ಜೊತೆ ಇಂಥದೇ ಸಣ್ಣ ಪೆಟ್ಟಿಗೆಯನ್ನು ಹೊತ್ತು ತಂದಿದ್ದ. ಅಡಿಕೆ ಮಾರಿದ ಹಣದಲ್ಲಿ ತಂದೆ ಕೊಡಿಸಿದ, ಪರದೆಯ ಚಿತ್ರಗಳನ್ನು ಮೂಡಿಸುವ ಗ್ರಾಫಿಕ್ಸ್ ಕಾರ್ಡ್, ಇನ್ನೂ ಬಿಚ್ಚದ ಪ್ಲಾಸ್ಟಿಕ್ ಹೊದಿಕೆಯಲ್ಲೇ ಅವನ ಕೈಯಲ್ಲಿತ್ತು. ಮುಚ್ಚಳ ತೆಗೆದು ಕಾರ್ಡನ್ನು ಅದು ಕೂರಬೇಕಾದ ಸ್ಲಾಟಿನ ಪಕ್ಕದಲ್ಲಿ ನಿಲ್ಲಿಸಿ ತೋರಿಸಿದೆ. ಕಾರ್ಡಿನ ತುದಿಯ ಲೋಹದ ಪಟ್ಟಿ ಸುಮಾರು 12 ಸೆಂಟಿಮೀಟರ್ ಉದ್ದ, ಪೆಟ್ಟಿಗೆಯ ಹಿಂಬದಿಯ ಕಿಂಡಿ ಸುಮಾರು 8. ಕಾರ್ಡಿನ ನೆತ್ತಿಯ ಮೇಲೆ ಆರು ಪಿನ್ನಿನ ವಿದ್ಯುತ್ ಕನೆಕ್ಟರ್ ಬೇರೆ ಇತ್ತು. ಪವರ್ ಸಪ್ಲೈಯಿಂದ ಅಂಥ ತಂತಿಯೇ ಹೊರಟಿರಲಿಲ್ಲ. "ನಂಬರ್ ಒಂದೇ ಅಲ್ವಾ ಮಾರಾಯ್ರೆ?" ಎಂದು ತಂದೆ ಕೇಳಿದರು. ಹುಡುಗ ತಲೆ ತಗ್ಗಿಸಿ ನಿಂತಿದ್ದ. ಕಾರ್ಡ್ ಹಿಂದಿರುಗಿಸುವ ಅವಧಿ ಇನ್ನೂ ಮುಗಿದಿರಲಿಲ್ಲವಾದ್ದರಿಂದ ಹಣ ಉಳಿಯಿತು, ಆದರೆ ಎಲ್ಲರಿಗೂ ಆ ಅವಕಾಶ ಸಿಗುವುದಿಲ್ಲ. ಪ್ಲಾಸ್ಟಿಕ್ ಬಿಚ್ಚಿದ ಮೇಲೆ, ಅದರಲ್ಲೂ ಹಳೆಯ ಕಾರ್ಡ್ ಕೊಂಡಿದ್ದರೆ, ಹಿಂದಕ್ಕೆ ಪಡೆಯುವವರು ಯಾರೂ ಇರುವುದಿಲ್ಲ.

ಈ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಮತ್ತೆ ಮತ್ತೆ ತಪ್ಪುವುದು ಇಲ್ಲಿಯೇ. ಸಣ್ಣ ಪೆಟ್ಟಿಗೆಗೆ ಗ್ರಾಫಿಕ್ಸ್ ಕಾರ್ಡ್ ಹಾಕಬೇಕಾದರೆ ಅದು ಲೋ ಪ್ರೊಫೈಲ್, ಅಂದರೆ ಎತ್ತರ ಕಡಿಮೆಯದು ಆಗಿರಬೇಕು, ಗಿಡ್ಡ ಪಟ್ಟಿಯೂ ಜೊತೆಗೆ ಬಂದಿರಬೇಕು. ದಪ್ಪದಲ್ಲಿ ಒಂದೇ ಸ್ಲಾಟಿನ ಜಾಗ ಹಿಡಿಯುವಂತಿದ್ದರೆ ಒಳ್ಳೆಯದು, ಏಕೆಂದರೆ ಕೆಲವು ಪೆಟ್ಟಿಗೆಗಳಲ್ಲಿ ಪಕ್ಕಕ್ಕೆ ಜಾಗವೇ ಇರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಬೇಕಾದ ವಿದ್ಯುತ್ತನ್ನು ಅದು ಸ್ಲಾಟಿನಿಂದಲೇ ಪಡೆಯುವಂತಿರಬೇಕು. ಸ್ಲಾಟ್ ಕೊಡಬಹುದಾದ ಗರಿಷ್ಠ ವಿದ್ಯುತ್ತು 75 ವ್ಯಾಟ್. ಕಂಪನಿಯ ಕೈಪಿಡಿಯಲ್ಲಿ ಅದಕ್ಕಿಂತ ಕಡಿಮೆ ಮಿತಿಯನ್ನು ನಮೂದಿಸಿದ್ದರೆ ಅದನ್ನೇ ಪಾಲಿಸಬೇಕು. ಜಿಟಿ 1030 ಕಾರ್ಡಿಗೆ 30 ವ್ಯಾಟ್ ಸಾಕು. ಜಿಟಿಎಕ್ಸ್ 1650 ಮಾತ್ರ 75 ವ್ಯಾಟಿನ ಅಂಚಿನಲ್ಲೇ ನಿಲ್ಲುತ್ತದೆ. ಜಿಟಿ 1030ರಲ್ಲಿಯೂ ಡಿಡಿಆರ್4 ಮೆಮೊರಿಯ ಕಾರ್ಡ್ ಜಿಡಿಡಿಆರ್5 ಮೆಮೊರಿಯದಕ್ಕಿಂತ ಬಹಳ ನಿಧಾನ. ಹೆಸರು ಅಲ್ಲೂ ಒಂದೇ.

ಆರು ಪಿನ್ನಿನ ತಂತಿ ಇಲ್ಲವೆಂದು ಡಿಸ್ಕಿಗೆ ವಿದ್ಯುತ್ತು ಕೊಡುವ ಸಾಟಾ ತಂತಿಗೆ ಸಿಕ್ಕಿಸುವ ಪರಿವರ್ತಕವನ್ನು ತರುವವರೂ ಇದ್ದಾರೆ. ದಯವಿಟ್ಟು ಬೇಡ. ಸಾಟಾ ಕನೆಕ್ಟರಿನ 12 ವೋಲ್ಟ್ ಪಿನ್ನುಗಳು ಹೊರಬಲ್ಲದ್ದು ಒಟ್ಟು 4.5 ಆಂಪಿಯರ್, ಅಂದರೆ 54 ವ್ಯಾಟ್. ಆರು ಪಿನ್ನಿನ ಕನೆಕ್ಟರಿನಿಂದ ಕಾರ್ಡ್ 75 ವ್ಯಾಟ್‌ವರೆಗೆ ಎಳೆಯಬಹುದು. ಹಾಗೆ ಎಳೆದಾಗ ಕನೆಕ್ಟರ್ ಕಾದು ಕರಗುವ ಅಪಾಯವಿದೆ, ಮತ್ತು ಆ ಪೆಟ್ಟಿಗೆ ಇರುವುದು ನಿಮ್ಮ ಮಕ್ಕಳು ಓದುವ ಕೋಣೆಯಲ್ಲಿ.

"ಹಾಗಾದರೆ ದೊಡ್ಡ ಪವರ್ ಸಪ್ಲೈ ಹಾಕಿಕೊಡಿ" ಎಂಬುದು ಮುಂದಿನ ಬೇಡಿಕೆ. ಅಂಗಡಿಯಲ್ಲಿ ಸಿಗುವ ಎಟಿಎಕ್ಸ್ ಎಂಬ ಸಾಮಾನ್ಯ ಅಳತೆಯ ಪವರ್ ಸಪ್ಲೈ ಈ ಪೆಟ್ಟಿಗೆಯೊಳಗೆ ಕೂರುವುದೇ ಇಲ್ಲ. ಮದರ್‌ಬೋರ್ಡಿನ, ಅಂದರೆ ಎಲ್ಲ ಭಾಗಗಳೂ ಜೋಡಣೆಯಾಗುವ ಮುಖ್ಯ ಫಲಕದ ಕನೆಕ್ಟರ್ ಕೂಡ ಅನೇಕ ಮಾದರಿಗಳಲ್ಲಿ ಬೇರೆ: ಸಾಮಾನ್ಯವಾದ 24 ಪಿನ್ನಿನ ಬದಲು ಆಪ್ಟಿಪ್ಲೆಕ್ಸ್ 9020ರಲ್ಲಿ 8 ಪಿನ್, ಎಲೈಟ್‌ಡೆಸ್ಕ್ 800 ಜಿ1ರಲ್ಲಿ 6 ಪಿನ್. ಅದನ್ನೆಲ್ಲ ಹೊಂದಿಸಲು ಹೊರಟರೆ ಯಂತ್ರದ ಬೆಲೆಗಿಂತ ಖರ್ಚೇ ಹೆಚ್ಚಾಗುತ್ತದೆ. ಅಷ್ಟು ಮಾಡುವ ಬದಲು ಅದೇ ತಲೆಮಾರಿನ ಟವರ್ ಪೆಟ್ಟಿಗೆಯನ್ನೇ ಹುಡುಕಿ ಕೊಳ್ಳುವುದು ಒಳಿತೆಂಬುದು ನನ್ನ ಅಭಿಪ್ರಾಯ. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದದ್ದು, ಕಾರ್ಡ್ ಬೇಕೇ ಎಂದು. ಲೆಕ್ಕದ ತಂತ್ರಾಂಶವಾದ ಟ್ಯಾಲಿಗೆ, ಜಿಎಸ್‌ಟಿ ಪೋರ್ಟಲಿಗೆ, ಆನ್‌ಲೈನ್ ಪಾಠಕ್ಕೆ ಖಂಡಿತ ಬೇಡ.

ಹಣ ಕಡಿಮೆ ಇದ್ದವರು ಮೊದಲು ವಿಂಡೋಸಿನ ಟಾಸ್ಕ್ ಮ್ಯಾನೇಜರ್ ತೆರೆದು ನೋಡಬೇಕು. ಯಂತ್ರ ತಡವರಿಸುವಾಗ ಡಿಸ್ಕ್ 100 ಶೇಕಡಾ ಎಂದು ತೋರಿಸುತ್ತಿದ್ದರೆ ನಿಧಾನಕ್ಕೆ ಕಾರಣ ಹಳೆಯ ಹಾರ್ಡ್ ಡಿಸ್ಕ್. ಅದರ ಬದಲು, ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕಾದ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿದರೆ ಸಾಕು. ಹಳೆಯ 7010ರಲ್ಲಿ ವೇಗದ ಸಾಟಾ ಪೋರ್ಟುಗಳು ಎರಡೇ ಇರುವುದರಿಂದ ಅದನ್ನು ಸಾಟಾ 0 ಎಂದು ಬರೆದಿರುವಲ್ಲಿಯೇ ಜೋಡಿಸಬೇಕು. ಟಾಸ್ಕ್ ಮ್ಯಾನೇಜರಿನ ಮೆಮೊರಿ, ಅಂದರೆ ರ‍್ಯಾಮ್ ಭಾಗದಲ್ಲಿ ಎಷ್ಟು ಸ್ಲಾಟ್ ಬಳಕೆಯಲ್ಲಿವೆ ಎಂಬುದೂ ಕಾಣುತ್ತದೆ. ರ‍್ಯಾಮ್ ಕೊಳ್ಳುವಾಗ ಒಂದು ಎಚ್ಚರ: ತೀರಾ ಅಗ್ಗಕ್ಕೆ ಸಿಗುವ ಸರ್ವರಿನ ರಿಜಿಸ್ಟರ್ಡ್ ಡಿಡಿಆರ್3 ರ‍್ಯಾಮ್ ಸ್ಲಾಟಿನಲ್ಲಿ ಸರಿಯಾಗಿಯೇ ಕೂರುತ್ತದೆ, ಆದರೆ ಯಂತ್ರ ಏಳುವುದಿಲ್ಲ.

ಕುಮಟಾ, ಅಂಕೋಲಾ, ಕಾರವಾರದಿಂದ ಬರುವ ಯಂತ್ರಗಳಲ್ಲಿ ಉಪ್ಪುಗಾಳಿಯ ತೇವಕ್ಕೆ ರ‍್ಯಾಮಿನ ಹೊನ್ನಬಣ್ಣದ ಅಂಚು ಮಂಕಾಗಿರುವುದುಂಟು. ಪರದೆಯ ಮೇಲೆ ಏನೂ ಮೂಡದ ಯಂತ್ರ, ಆ ಅಂಚನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಒಣಗಿಸಿ ಕೂರಿಸಿದ ಕೂಡಲೇ ಎದ್ದದ್ದನ್ನು ಬಹಳ ಸಲ ಕಂಡಿದ್ದೇನೆ. ಹೊಸ ರ‍್ಯಾಮ್ ಕೊಳ್ಳುವ ಮೊದಲು ಇದಿಷ್ಟನ್ನು ಮಾಡಿಸಿ ನೋಡಬಹುದು.

ಖರ್ಚಿನ ಮಿತಿ ಎಲ್ಲಿ ಎಂಬುದನ್ನೂ ಹೇಳಬೇಕು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಾದರೆ ಎಂಟನೇ ತಲೆಮಾರು ಮತ್ತು ನಂತರದ ಪ್ರೊಸೆಸರೇ ಬೇಕು. ಆದ್ದರಿಂದ ಮೂರು, ನಾಲ್ಕನೇ ತಲೆಮಾರಿನ ಯಂತ್ರಕ್ಕೆ ಎಸ್‌ಎಸ್‌ಡಿ ಮತ್ತು 8 ಜಿಬಿ ರ‍್ಯಾಮ್ ದಾಟಿ ಹಣ ಹಾಕಬೇಡಿರೆಂದೇ ಸಲಹೆ ಕೊಡುತ್ತೇನೆ. ಟ್ಯಾಲಿಯಂಥ ತಂತ್ರಾಂಶದ ಅಗತ್ಯವಿಲ್ಲದವರಿಗೆ ವಿಂಡೋಸಿನ ಬದಲು ಹಾಕಬಹುದಾದ, ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಚೆನ್ನಾಗಿ ಹೊಂದುತ್ತದೆ, ಕನ್ನಡ ಟೈಪಿಂಗಿಗೂ ಅಡ್ಡಿಯಿಲ್ಲ.

ಉಳಿದ ಹಣವನ್ನು ಯುಪಿಎಸ್‌ಗೆ ಇಡುವುದು ಲೇಸು. ನಮ್ಮ ಘಟ್ಟದ ಮೇಲಿನ ಊರುಗಳಲ್ಲಿ ಸಿಡಿಲು, ಏರಿಳಿಯುವ ವಿದ್ಯುತ್ತು ಎರಡೂ ಪವರ್ ಸಪ್ಲೈಗೆ ಹೊಡೆತ ಕೊಡುತ್ತವೆ, ಯುಪಿಎಸ್ ಇದ್ದರೂ ಸಿಡಿಲಿನ ಹೊತ್ತಿನಲ್ಲಿ ಪ್ಲಗ್ ಕೀಳಲೇಬೇಕು. ಸುಟ್ಟುಹೋದರೆ ಈ ಸಣ್ಣ ಪೆಟ್ಟಿಗೆಗಳ ಪವರ್ ಸಪ್ಲೈ ಪೇಟೆಯಲ್ಲಿ ಕೂಡಲೇ ಸಿಗುವಂಥದ್ದಲ್ಲ; ಹಳೆಯದನ್ನೇ ಹೊರಗಿನಿಂದ ತರಿಸಬೇಕಾಗುತ್ತದೆ. ಹಾಗೆ ತರಿಸುವಾಗ ಮಾದರಿ ಸಂಖ್ಯೆಯನ್ನಷ್ಟೇ ಫೋನಿನಲ್ಲಿ ಹೇಳದೆ, ಸುಟ್ಟ ಘಟಕದ ಮೇಲಿನ ಚೀಟಿಯಲ್ಲಿರುವ ಭಾಗ ಸಂಖ್ಯೆಯ ಮತ್ತು ಅದರ ಕನೆಕ್ಟರುಗಳ ಫೋಟೋ ತೆಗೆದು ಮಾರುವವರಿಗೆ ಕಳುಹಿಸಿ, ಪಿನ್ನುಗಳ ಎಣಿಕೆ ಸರಿಹೊಂದಿದ ಮೇಲೆಯೇ ಹಣ ಕೊಡಬೇಕು.