‘ನಾನು ಹೆಣ್ಣಲ್ಲವೇ?’ ಭಾಷಣ ಪೂರ್ತಿ ಎಲ್ಲಿ ಸಿಗುತ್ತದೆ?

ಫೆಬ್ರವರಿ ಕೊನೆಗೆ ಈ ಪ್ರಶ್ನೆ ತಪ್ಪದೆ ಬರುತ್ತದೆ. ಮಾರ್ಚ್ 8ರ ಭಾಷಣ ಸ್ಪರ್ಧೆಗೆ ಮಗಳಿಗೆ ಕಂಠಪಾಠ ಮಾಡಿಸಬೇಕು, ಗುಲಾಮಳಾಗಿ ಹುಟ್ಟಿ ಹೋರಾಟಗಾರ್ತಿಯಾದ ಅಮೆರಿಕದ ಕಪ್ಪು ಮಹಿಳೆ ಸೊಜರ್ನರ್ ಟ್ರೂತ್ ಅವರ ‘ನಾನು ಹೆಣ್ಣಲ್ಲವೇ?’ ಕನ್ನಡದಲ್ಲಿದ್ದರೆ ಕಳಿಸಿ ಸಾರ್, ಅಂತ. ಕಳಿಸಬಹುದು. ಆದರೆ ಆ ಮಾತು ಆಕೆಯ ಬಾಯಿಂದ ಬಂದದ್ದು ಅನುಮಾನ ಎಂದು ಇನ್ನೆಷ್ಟು ಸಲ ಹೇಳಲಿ?

ಭಾಷಣವೇನೋ ನಿಜ. 1851ರ ಮೇ, ಒಹಾಯೊದ ಆಕ್ರನ್‌ನಲ್ಲಿ ಮಹಿಳಾ ಹಕ್ಕುಗಳ ಸಮಾವೇಶ. ಅಲ್ಲೇ ಇದ್ದ ಮರಿಯಸ್ ರಾಬಿನ್ಸನ್ ಅದನ್ನು ಜೂನ್ 21ರ ‘ಆಂಟಿ-ಸ್ಲೇವರಿ ಬ್ಯೂಗಲ್’ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ಜರಡಿ ಹಿಡಿದು ನೋಡಿ, ‘ಹೆಣ್ಣಲ್ಲವೇ’ ಒಂದು ಸಲವೂ ಸಿಗದು. ಅದು ಸಿಗುವುದು ಹನ್ನೆರಡು ವರ್ಷ ಕಳೆದ ಮೇಲೆ, 1863ರಲ್ಲಿ ಫ್ರಾನ್ಸಿಸ್ ಗೇಜ್ ನೆನಪಿನಿಂದ ಬರೆದದ್ದರಲ್ಲಿ. ಗೇಜ್ ಹಾದಿಬೀದಿಯವಳಲ್ಲ, ಆ ಸಮಾವೇಶದ ಅಧ್ಯಕ್ಷೆಯೇ. ಆದರೂ ಟ್ರೂತ್ ಬಾಯಿಗೆ ದಕ್ಷಿಣದ ತೋಟಗಳ ಗುಲಾಮರ ಇಂಗ್ಲಿಷ್ ತುರುಕಿದಳು.

ಟ್ರೂತ್ ದಕ್ಷಿಣದವಳೇ ಅಲ್ಲ! ಸುಮಾರು 1797ರಲ್ಲಿ ಹುಟ್ಟಿದ್ದು ನ್ಯೂಯಾರ್ಕ್ ರಾಜ್ಯದ ಅಲ್‌ಸ್ಟರ್ ಕೌಂಟಿಯಲ್ಲಿ. ಆಗಿನ ಹೆಸರು ಇಸಬೆಲ್ಲಾ, ಆಡುಮಾತು ಡಚ್. ಒಂಬತ್ತನೇ ವಯಸ್ಸಿನಲ್ಲಿ ಒಂದಷ್ಟು ಕುರಿಗಳ ಜೊತೆ 100 ಡಾಲರಿಗೆ ಹರಾಜಾದಳು. ಹೊಸ ಮನೆಯವರದು ಇಂಗ್ಲಿಷ್. ಬಾಣಲೆ ತಾ ಅಂದರೆ ಅರ್ಥವಾಗದೆ ಪಾತ್ರೆ ತೂಗುಹಾಕುವ ಕೊಕ್ಕೆ ಎತ್ತಿಕೊಂಡು ಹೋಗುತ್ತಿದ್ದಳು, ಬೈಸಿಕೊಳ್ಳುತ್ತಿದ್ದಳು. ಅಂಥವಳಿಗೆ ದಕ್ಷಿಣದ ಧಾಟಿ ಹಚ್ಚುವುದೆಂದರೆ, ತುಳು ಮನೆಮಾತಿನ ಮಂಗಳೂರಿನ ಅಜ್ಜಿಯಿಂದ ‘ಹ್ಯಾಂಗದೀರಿ’ ಅನ್ನಿಸಿದ ಹಾಗೆ. ಮಕ್ಕಳ ಲೆಕ್ಕವೂ ಅಷ್ಟೇ: ಗೇಜ್ ಪಾಠದಲ್ಲಿ 13, ಟ್ರೂತ್ ಹೆತ್ತದ್ದು ಐದು.

‘ಏನಾದರೇನು, ಭಾವ ಅದೇ ತಾನೇ?’ ಅನ್ನುತ್ತೀರಿ. ಅಲ್ಲ ಸ್ವಾಮಿ! ಗೇಜ್ ಬರೆದ ಟ್ರೂತ್ ಮತ್ತೆ ಮತ್ತೆ ಕೇಳುತ್ತಾಳೆ. ರಾಬಿನ್ಸನ್ ಬರೆದವಳು ನೇರವಾಗಿ ಹೇಳುತ್ತಾಳೆ: ನಾನೇ ಒಂದು ಮಹಿಳಾ ಹಕ್ಕು. ಯಾವ ಗಂಡಸಿನಷ್ಟೇ ಕಸುವು ನನಗೂ ಇದೆ, ಉತ್ತಿದ್ದೇನೆ, ಕೊಯ್ದಿದ್ದೇನೆ, ಕಡಿದಿದ್ದೇನೆ. ಬುದ್ಧಿಯ ಮಾತಿಗೆ ಬಂದರೆ, ಗಂಡಿಗೆ ಒಂದು ಕ್ವಾರ್ಟ್, ಹೆಣ್ಣಿಗೆ ಒಂದು ಪಿಂಟ್ ಅಂತಲೇ ಇಟ್ಟುಕೊಳ್ಳಿ, ಆ ಪುಟ್ಟ ಪಿಂಟನ್ನಾದರೂ ತುಂಬಿಸಿಕೊಳ್ಳಬಾರದೇಕೆ? ನಮ್ಮ ಅಳತೆಯಲ್ಲಿ ಸೇರು-ಅಚ್ಚೇರು ಅನ್ನಿ, ಮಕ್ಕಳಿಗೆ ಥಟ್ಟನೆ ಹತ್ತುತ್ತದೆ. ಸ್ಪರ್ಧೆಗೆ ಈ ಪಾಠವೇ ಸರಿ. ಚಿಕ್ಕದು ಬೇರೆ, ಬಾಯಿಪಾಠಕ್ಕೆ ಸಲೀಸು.

ಹಾಗಾದರೆ ಆಕೆಯೇ ಯಾಕೆ ಬರೆದಿಡಲಿಲ್ಲ? ಇದನ್ನು ಯಾರೂ ಕೇಳುವುದಿಲ್ಲ, ಕೇಳಬೇಕಿತ್ತು. ಆಕೆಗೆ ಓದು-ಬರಹ ಬರುತ್ತಿರಲಿಲ್ಲ. 1850ರಲ್ಲಿ ಬಂದ ಆತ್ಮಕಥೆಯನ್ನೂ ಹೇಳಿ ಬರೆಸಿದ್ದೇ. ಹಾಗಂತ ಪೆದ್ದಿಯಲ್ಲ. ಮಗ ಪೀಟರ್‌ನನ್ನು ಕಾನೂನು ಮೀರಿ ಅಲಬಾಮಾಕ್ಕೆ ಮಾರಿದಾಗ ಕೋರ್ಟಿಗೆ ಹೋಗಿ 1828ರಲ್ಲಿ ವಾಪಸ್ ಪಡೆದವಳು. ಊರೂರು ಸುತ್ತಿ ಭಾಷಣ ಮಾಡುವವಳಿಗೆ ಹೊಟ್ಟೆಪಾಡೂ ಆಗಬೇಕಲ್ಲ? ತನ್ನ ಫೋಟೊ ಕಾರ್ಡುಗಳನ್ನು ಮಾರುತ್ತಿದ್ದಳು. ಬಿಳಿ ಟೊಪ್ಪಿ, ಶಾಲು, ಕೈಯಲ್ಲಿ ಹೆಣಿಗೆಯ ನೂಲು. ಫೋಟೊ ತೆಗೆದವನ ಹೆಸರಲ್ಲಲ್ಲ, 1864ರಲ್ಲಿ ತನ್ನದೇ ಹೆಸರಲ್ಲಿ ಅದರ ಹಕ್ಕು ನೋಂದಾಯಿಸಿದಳು. ಕಾರ್ಡಿನ ಕೆಳಗೆ ಒಂದು ಸಾಲು: ‘ಒಡಲು ಉಳಿಯಲೆಂದು ನೆರಳು ಮಾರುತ್ತೇನೆ.’