ಗಿಡದ ಜಾತಕ ಗೆಣ್ಣಿನಲ್ಲಿದೆ

ವರ್ಷಗಟ್ಟಲೆ ಯಾರೂ ಕಣ್ಣೆತ್ತಿ ನೋಡದ ಕುಂಡದ ಗಿಡವನ್ನು ಎಲೆಯಿಂದ ಗುರುತಿಸಲು ಹೊರಡುವುದೇ ಮೊದಲ ತಪ್ಪು. ಬೆಳಕು ಸಾಲದ ಗಿಡದ ಎಲೆ ಕಿರಿದಾಗುತ್ತದೆ, ಬಿಳಿಚಿಕೊಳ್ಳುತ್ತದೆ, ತನ್ನ ಪಟ್ಟೆಗಳನ್ನೂ ಕಳೆದುಕೊಳ್ಳುತ್ತದೆ. ಅದರ ಸಾಕ್ಷ್ಯವನ್ನು ನಂಬುವಂತಿಲ್ಲ. ಹೂವಿಗಾಗಿ ಕಾಯೋಣವೆಂದರೆ ಮನಿ ಪ್ಲಾಂಟಿನ ಕಥೆ ಕೇಳಿ. 1880ರಲ್ಲಿ ಪೋಥೋಸ್ ಕುಲಕ್ಕೆ ಸೇರಿಸಲಾಗಿದ್ದ ಈ ಬಳ್ಳಿ ಹೂವು ಕೊಡದೆ ಸಸ್ಯಶಾಸ್ತ್ರಜ್ಞರನ್ನು ಸತಾಯಿಸಿತು. ಕುಲದಿಂದ ಕುಲಕ್ಕೆ ಅಲೆದು 1964ರಲ್ಲಿ ಎಪಿಪ್ರೆಮ್ನಮ್‌ಗೆ ಬಂದು ಸೇರಿತು. ಹೂಬಿಡಲು ಬೇಕಾದ ಜಿಬ್ಬರೆಲಿನ್ ಹಾರ್ಮೋನಿನ ತಯಾರಿಕೆಗೆ ನೆರವಾಗುವ ಒಂದು ಜೀನ್ ಅದರಲ್ಲಿ ಕೈಕೊಟ್ಟಿದೆ. ಹೂವನ್ನೇ ತರಲಾಗದ ಬಳ್ಳಿಯಿಂದ ದುಡ್ಡನ್ನು ನಿರೀಕ್ಷಿಸುವವರ ಧೈರ್ಯ ದೊಡ್ಡದು.

ಹಾಗಾಗಿ ಕಾಂಡದ ಗೆಣ್ಣು ನೋಡಿ. ಎಲೆ ಉದುರಿದರೂ ಅದು ಅಂಟಿಕೊಂಡಿದ್ದ ಜಾಗದ ಗುರುತು ಉಳಿಯುತ್ತದೆ. ಗುರುತುಗಳು ಎದುರುಬದುರು ಜೋಡಿಯಾಗಿದ್ದು, ಉಳಿದ ಎಲೆ ರಸ ತುಂಬಿ ದಪ್ಪಗಿದ್ದರೆ ಜೇಡ್ ಗಿಡವಿರಬಹುದು. ಕಾಂಡವನ್ನು ಬಳಸಿದ ತೆಳು ಉಂಗುರವಿದ್ದು ಗೀರಿದಾಗ ಬಿಳಿ ಹಾಲು ಒಸರಿದರೆ ಫೈಕಸ್, ಅಂದರೆ ಆಲ, ಅತ್ತಿಗಳ ಕುಲದ ಗಿಡ. ಉಂಗುರವಿದ್ದೂ ಹಾಲಿಲ್ಲ, ಎಲೆ ಪಟ್ಟಿಯಂತೆ ಉದ್ದ ಎಂದಾದರೆ ಡ್ರಸೀನಾ ಕಡೆಗೆ ಯೋಚಿಸಿ.

ಇದೇ ಗೆಣ್ಣಿನಲ್ಲಿ ಗಿಡದ ಮರುಹುಟ್ಟೂ ಅಡಗಿದೆ. ಎಲೆಯ ಕಂಕುಳಲ್ಲಿ ಮೊಗ್ಗೊಂದು ನಿದ್ರಿಸುತ್ತಿರುತ್ತದೆ. ಅದನ್ನು ಮಲಗಿಸಿದವರು ಯಾರು? ಚಾರ್ಲ್ಸ್ ಡಾರ್ವಿನ್ ಮತ್ತು ಮಗ ಫ್ರಾನ್ಸಿಸ್ 1880ರಲ್ಲಿ, ಮೊಳಕೆಯ ತುದಿಯಿಂದ ಕೆಳಗೆ ಏನೋ ಪ್ರಭಾವ ಹರಿಯುತ್ತದೆಂದು ತೋರಿಸಿದರು. 1928ರಲ್ಲಿ ಸಸ್ಯವಿಜ್ಞಾನಿ ಫ್ರಿಟ್ಸ್ ವೆಂಟ್ ಆ ವಸ್ತುವನ್ನು, ಅಂದರೆ ಆಕ್ಸಿನ್ ಎಂಬ ಬೆಳವಣಿಗೆಯ ಹಾರ್ಮೋನನ್ನು, ಜೆಲ್ಲಿಯಂಥ ಅಗರ್ ತುಂಡಿನಲ್ಲಿ ಹಿಡಿದ. ಗಿಡದ ತುದಿ ಕತ್ತರಿಸಿದರೆ ಸಾಮಾನ್ಯವಾಗಿ ಪಕ್ಕದ ಮೊಗ್ಗುಗಳು ಎದ್ದು ಚಿಗುರುತ್ತವೆ. 1933ರಲ್ಲಿ ತೀಮನ್ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು ಅವರೆಕಾಯಿಯ ಬಂಧುವೊಂದರ ತುದಿ ಕತ್ತರಿಸಿ, ಗಾಯಕ್ಕೆ ಆಕ್ಸಿನ್ ಹಚ್ಚಿದರು. ತುದಿಯೇ ಇಲ್ಲದಿದ್ದರೂ ಪಕ್ಕದ ಮೊಗ್ಗುಗಳು ಏಳಲಿಲ್ಲ! ವಿಚಿತ್ರವೆಂದರೆ ತುದಿಯಿಂದ ಇಳಿಯುವ ಆಕ್ಸಿನ್ ಮೊಗ್ಗಿನೊಳಗೆ ಹೋಗುವುದೇ ಇಲ್ಲ. ಚಿಗುರಬೇಕಾದರೆ ಮೊಗ್ಗು ತನ್ನದೇ ಆಕ್ಸಿನನ್ನು ಕಾಂಡಕ್ಕೆ ಸಾಗಿಸಬೇಕು. ಕಾಂಡದ ಹರಿವು ಆಗಲೇ ತುಂಬಿದ್ದರೆ, ವಾಹನ ಕಿಕ್ಕಿರಿದ ಹೆದ್ದಾರಿಗೆ ನುಗ್ಗಲಾಗದೆ ಅಡ್ಡರಸ್ತೆಯಲ್ಲೇ ನಿಂತ ಸ್ಕೂಟರಿನಂತೆ ಅದು ಕಾಯುತ್ತದೆ. ಇದು ಇಂದಿನ ಪ್ರಮುಖ ವಿವರಣೆ. ಸಕ್ಕರೆಗೂ ಪಾತ್ರವಿದೆ: ತುದಿ ಹೋದೊಡನೆ ಅದು ತಿನ್ನುತ್ತಿದ್ದ ಪಾಲು ಕೆಳಗಿನ ಮೊಗ್ಗುಗಳಿಗೆ ಸಿಗುತ್ತದೆಂದು 2014ರಲ್ಲಿ ಬಟಾಣಿ ಗಿಡದಲ್ಲಿ ಕಂಡುಬಂತು.

ಬೋಳು ಕಾಂಡವನ್ನು ಗೆಣ್ಣಿನ ತುಸು ಮೇಲೆ ಧೈರ್ಯವಾಗಿ ಕತ್ತರಿಸಿ. ಅದಕ್ಕೆ ಮೊದಲು ತೊಗಟೆಯನ್ನು ಉಗುರಿನಿಂದ ಗೀರಿ. ಒಳಗೆ ಹಸಿರಿದ್ದರೆ ಜೀವವಿದೆ. ಎಲೆ ಹಳದಿಯಾಯಿತೆಂದು ನೀರು, ಗೊಬ್ಬರ ಸುರಿಯುವ ಚಟವನ್ನು ದಯವಿಟ್ಟು ಬಿಡಿ. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ನೆನೆದ ಮಣ್ಣಿನಲ್ಲಿ ಬೇರು ಉಸಿರುಗಟ್ಟಿ ಕೊಳೆಯುತ್ತದೆ, ಎಲೆ ಬಾಡುತ್ತದೆ, ಬಾಡಿತೆಂದು ಮತ್ತೆ ನೀರು! ಕಪ್ಪಾಗಿ ಮೆತ್ತಗಾದ ಬೇರನ್ನು ಕತ್ತರಿಸಿ ತೆಗೆದು ಸಡಿಲ ಮಣ್ಣಿಗೆ ಬದಲಿಸಿ, ಹೊಸ ಎಲೆ ಬರುವವರೆಗೆ ಗೊಬ್ಬರದ ಮಾತೆತ್ತಬೇಡಿ.

ಕತ್ತರಿ ಹಿಡಿಯುವ ಮುನ್ನ ಹೆಸರು ತಿಳಿಯಲೇಬೇಕಾದ ಗಿಡಗಳೂ ಇವೆ. ಡ್ರಸೀನಾವನ್ನು ಹಲವರು ತಾಳೆಯ ಜಾತಿಯೆಂದು ತಿಳಿಯುತ್ತಾರೆ. ಡ್ರಸೀನಾದ ತಲೆ ಕತ್ತರಿಸಿದರೆ ಕೆಳಗಿನಿಂದ ಕವಲೊಡೆಯುತ್ತದೆ. ನಿಜವಾದ ತಾಳೆಯ ಕಾಂಡಕ್ಕೆ ಬೆಳೆಯುವ ತುದಿ ಒಂದೇ, ಅದು ಹೋದರೆ ಆ ಕಾಂಡ ಮತ್ತೆ ಚಿಗುರುವುದಿಲ್ಲ. ಎಲೆ ಗರಿಯಂತೆ ಸೀಳಿದ್ದರೆ ಕತ್ತರಿಯನ್ನು ಕೆಳಗಿಡಿ.