ಅಮೆರಿಕದ ಸರ್ಕಾರಿ ಶಾಲೆಗೆ ದುಡ್ಡು ಎಲ್ಲಿಂದ: ಆಸ್ತಿ ತೆರಿಗೆ ಮತ್ತು ಮಾರಾಟ ತೆರಿಗೆ

ಅಮೆರಿಕದಲ್ಲಿ ಸರ್ಕಾರಿ ಶಾಲೆಗಳಿಗೆ ಬರುವ ಹಣದಲ್ಲಿ ಕೇಂದ್ರದ ಪಾಲು ಸಾಮಾನ್ಯವಾಗಿ ಶೇ. 10ರ ಆಸುಪಾಸು ಮಾತ್ರ. ಉಳಿದದ್ದನ್ನು ರಾಜ್ಯವೂ ಸ್ಥಳೀಯ ಶಾಲಾ ಜಿಲ್ಲೆಯೂ ಹೆಚ್ಚುಕಡಿಮೆ ಅರ್ಧರ್ಧ ಹೊರುತ್ತವೆ. ಶಾಲಾ ಜಿಲ್ಲೆ ಅಂದರೆ ಕಂದಾಯ ಜಿಲ್ಲೆಯಲ್ಲ. ಶಾಲೆ ನಡೆಸುವುದಕ್ಕೆಂದೇ ಇರುವ, ಬಹುತೇಕ ರಾಜ್ಯಗಳಲ್ಲಿ ತಾನೇ ತೆರಿಗೆ ಹಾಕಬಲ್ಲ ಘಟಕ. ಅದರ ಮುಖ್ಯ ಆದಾಯ ಆಸ್ತಿ ತೆರಿಗೆ. ಮಾರಾಟ ತೆರಿಗೆ ಹೆಚ್ಚಾಗಿ ರಾಜ್ಯದ ಬೊಕ್ಕಸ ಸೇರಿ ಅಲ್ಲಿಂದ ಶಾಲೆಗೆ ಬರುತ್ತದೆ.

ಮೊದಲು ಲೆಕ್ಕದ ಭಾಷೆ ಗೊತ್ತಿರಬೇಕು. ಆಸ್ತಿ ತೆರಿಗೆಯ ದರವನ್ನು 'ಮಿಲ್'ನಲ್ಲಿ ಹೇಳುತ್ತಾರೆ: ಸಾವಿರ ಡಾಲರ್ ತೆರಿಗೆ ಮೌಲ್ಯಕ್ಕೆ ಒಂದು ಡಾಲರ್. ತೆರಿಗೆ ಮೌಲ್ಯವೂ ಮಾರುಕಟ್ಟೆ ಬೆಲೆಯೂ ಒಂದೇ ಅಲ್ಲ. ಮಿಶಿಗನ್ ರಾಜ್ಯದಲ್ಲಿ ಆಸ್ತಿಯನ್ನು ಅರ್ಧ ಬೆಲೆಗೆ ಅಂದಾಜು ಮಾಡುತ್ತಾರೆ. ಅಲ್ಲಿ ಹೊಸದಾಗಿ ಕೊಂಡ 2,00,000 ಡಾಲರ್ ಮನೆಯ ತೆರಿಗೆ ಮೌಲ್ಯ 1,00,000 ಎಂದಿಟ್ಟುಕೊಳ್ಳಿ. ರಾಜ್ಯ ಶಿಕ್ಷಣ ತೆರಿಗೆ 6 ಮಿಲ್, ಅಂದರೆ 600 ಡಾಲರ್. ಅದೇ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದರೆ ಶಾಲೆಯ ನಿರ್ವಹಣೆಗೆಂದು ಸಾಮಾನ್ಯವಾಗಿ ಇನ್ನೂ 18 ಮಿಲ್ ಸೇರಿ ಒಟ್ಟು 2,400 ಆಗುತ್ತದೆ. ಮಾಲೀಕರೇ ವಾಸಿಸುವ ಮನೆಗೆ ಆ 18 ಮಿಲ್ ವಿನಾಯಿತಿ. ಲೆಕ್ಕ ತಪ್ಪುವುದು ಹೆಚ್ಚಾಗಿ ಇಲ್ಲೇ: ಮಾರುಕಟ್ಟೆ ಬೆಲೆಯನ್ನೇ ಮಿಲ್‌ನಿಂದ ಗುಣಿಸಿಬಿಡುತ್ತೇವೆ, ವಿನಾಯಿತಿ ಕಳೆಯುವುದನ್ನು ಮರೆಯುತ್ತೇವೆ.

ಈಗ ಇಡೀ ವಿಷಯದ ತಿರುಳು. ಶಾಲೆಗೆ ಎಷ್ಟು ಸಿಗುತ್ತದೆ ಎಂಬುದನ್ನು ದರಕ್ಕಿಂತ ಹೆಚ್ಚಾಗಿ ತೀರ್ಮಾನಿಸುವುದು ಪ್ರತಿ ಮಗುವಿನ ಹಿಂದೆ ಎಷ್ಟು ಆಸ್ತಿ ಇದೆ ಎಂಬುದು. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದ ಎರಡು ಶಾಲಾ ಜಿಲ್ಲೆಗಳ 1967-68ರ ಅಂಕಿಗಳನ್ನು ನೋಡಿ. ಎಜ್‌ವುಡ್‌ನಲ್ಲಿ ತಲಾ ವಿದ್ಯಾರ್ಥಿಗೆ ಆಸ್ತಿ ಮೌಲ್ಯ 5,960 ಡಾಲರ್. ದರ ನೂರು ಡಾಲರ್ ಮೌಲ್ಯಕ್ಕೆ 1.05 ಡಾಲರ್. ಅಲಾಮೊ ಹೈಟ್ಸ್‌ನಲ್ಲಿ ಮೌಲ್ಯ 49,000ಕ್ಕೂ ಮಿಕ್ಕಿ; ದರ 0.85 ಮಾತ್ರ. ಎಲ್ಲ ಶಾಲೆಗೂ ಕನಿಷ್ಠ ಹಣ ಖಾತರಿ ಮಾಡುವ ರಾಜ್ಯದ ಯೋಜನೆಗೆ ಕಟ್ಟಬೇಕಾದ ಪಾಲು ಕಳೆದ ಮೇಲೆ ಎಜ್‌ವುಡ್‌ಗೆ ತಲಾ 26 ಡಾಲರ್ ಉಳಿಯಿತು, ಅಲಾಮೊ ಹೈಟ್ಸ್‌ಗೆ 333. ಹೆಚ್ಚು ದರ ತೆತ್ತವರ ಮಕ್ಕಳಿಗೇ ಕಡಿಮೆ ಸಿಕ್ಕಿತು. ಈ ಅನ್ಯಾಯದ ಮೊಕದ್ದಮೆ ಸುಪ್ರೀಂ ಕೋರ್ಟ್‌ವರೆಗೂ ಹೋಗಿ 1973ರಲ್ಲಿ 5-4ರ ಬಹುಮತದಿಂದ ಬಿದ್ದುಹೋಯಿತು: ಶಿಕ್ಷಣ ಕೇಂದ್ರ ಸಂವಿಧಾನದಡಿ ಮೂಲಭೂತ ಹಕ್ಕಲ್ಲ ಎಂದಿತು ಕೋರ್ಟ್. ಆಮೇಲೆ ಹೋರಾಟ ರಾಜ್ಯಗಳ ನ್ಯಾಯಾಲಯಗಳತ್ತ ತಿರುಗಿತು. ಟೆಕ್ಸಾಸ್‌ನಲ್ಲೇ ರಾಜ್ಯದ ಸುಪ್ರೀಂ ಕೋರ್ಟ್ 1989ರಲ್ಲಿ ಹಳೆಯ ವ್ಯವಸ್ಥೆಯನ್ನು ತಳ್ಳಿಹಾಕಿತು. 1993ರಲ್ಲಿ ಆಸ್ತಿವಂತ ಜಿಲ್ಲೆಗಳ ಹೆಚ್ಚುವರಿ ಆದಾಯವನ್ನು ಹಂಚುವ ಕಾನೂನು ಬಂತು.

ಅಂತರ ತುಂಬಲು ಅನೇಕ ರಾಜ್ಯಗಳು ಬಳಸುವುದು ಅಡಿಪಾಯ ಅನುದಾನ ಸೂತ್ರ: ಪ್ರತಿ ಮಗುವಿಗೆ ಇಂತಿಷ್ಟು ಎಂದು ಖಾತರಿ ಮಾಡಿ, ಸ್ಥಳೀಯ ತೆರಿಗೆಯಿಂದ ಬಾರದಷ್ಟನ್ನು ರಾಜ್ಯ ತುಂಬುತ್ತದೆ. ಅಭ್ಯಾಸಕ್ಕೆ ಒಂದು ಕಲ್ಪಿತ ಲೆಕ್ಕ: ಪ್ರತಿ ಮಗುವಿಗೆ 9,000 ಡಾಲರ್ ಖಾತರಿ, ಜಿಲ್ಲೆ ಹಾಕಲೇಬೇಕಾದ ದರ 10 ಮಿಲ್. ತಲಾ ಆಸ್ತಿ 3,00,000 ಇದ್ದರೆ ಸ್ಥಳೀಯ ಪಾಲು 3,000, ರಾಜ್ಯ ಕೊಡುವುದು 6,000. ಆಸ್ತಿ ಬೆಲೆ ಏರಿ 3,60,000 ಆಯಿತೆನ್ನಿ. ಸ್ಥಳೀಯ ಪಾಲು 3,600, ರಾಜ್ಯದ್ದು 5,400. ಒಟ್ಟು ಮತ್ತೆ ಅದೇ 9,000! ಮನೆ ಬೆಲೆ ಏರಿದ ಮಾತ್ರಕ್ಕೆ ಶಾಲೆ ಶ್ರೀಮಂತವಾಗುವುದಿಲ್ಲ. ಇಲ್ಲಿ ಹಗುರವಾದದ್ದು ರಾಜ್ಯದ ಹೊರೆ. ಈ ಒಂದು ಲೆಕ್ಕವನ್ನು ಕೈಯಾರೆ ಮಾಡಿ ನೋಡಿ, ಅರ್ಧ ಗೊಂದಲ ಕಳೆಯುತ್ತದೆ.

ರಾಜ್ಯದ ಆ ಪಾಲಿಗೆ ಮಾರಾಟ ತೆರಿಗೆ ದೊಡ್ಡ ಆಸರೆ. ಮಿಶಿಗನ್ 1994ರಲ್ಲಿ ಮತದಾರರ ಒಪ್ಪಿಗೆ ಪಡೆದು ಆಸ್ತಿ ತೆರಿಗೆ ಇಳಿಸಿ, ಮಾರಾಟ ತೆರಿಗೆಯನ್ನು ಶೇ. 4ರಿಂದ 6ಕ್ಕೆ ಏರಿಸಿತು. ಹೆಚ್ಚಿದ 2 ಪೂರ್ತಿ ಶಾಲಾ ನಿಧಿಗೆ. ಹಳೆಯ 4ರಲ್ಲಿ ಶೇ. 60. ಅಂದರೆ 100 ಡಾಲರ್ ವ್ಯಾಪಾರಕ್ಕೆ ಕಟ್ಟುವ 6 ಡಾಲರ್‌ನಲ್ಲಿ 4.40 ಶಾಲೆಗೆ. ಜಾರ್ಜಿಯಾದಲ್ಲಿ ರೀತಿ ಬೇರೆ: ಮತದಾರರು ಒಪ್ಪಿದರೆ ಸ್ಥಳೀಯವಾಗಿ ಶೇ. 1, ಒಮ್ಮೆಗೆ ಹೆಚ್ಚೆಂದರೆ ಐದು ವರ್ಷ, ಅದೂ ಕಟ್ಟಡದಂಥ ಬಂಡವಾಳ ವೆಚ್ಚಕ್ಕೆ. ಶಿಕ್ಷಕರ ಸಂಬಳಕ್ಕೆ ಅದನ್ನು ಮುಟ್ಟುವಂತಿಲ್ಲ.

ಮಾರಾಟ ತೆರಿಗೆಯ ದೌರ್ಬಲ್ಯ ಎರಡು. ಬಡವರು ಆದಾಯದ ದೊಡ್ಡ ಭಾಗವನ್ನು ಖರ್ಚೇ ಮಾಡುವುದರಿಂದ ಅವರಿಗೆ ಅದು ಹೆಚ್ಚು ತಟ್ಟುತ್ತದೆ. ಜನ ಕೈ ಬಿಗಿಹಿಡಿದ ಕೂಡಲೇ ವಸೂಲಿಯೂ ಕುಸಿಯುತ್ತದೆ. ದಕ್ಷಿಣ ಕೆರೊಲೈನಾ 2006ರ ಕಾಯ್ದೆಯಲ್ಲಿ ಮಾಲೀಕರು ವಾಸಿಸುವ ಮನೆಗಳನ್ನು ಶಾಲಾ ನಿರ್ವಹಣೆಯ ತೆರಿಗೆಯಿಂದ ಬಿಟ್ಟು, ಮಾರಾಟ ತೆರಿಗೆಯನ್ನು 5ರಿಂದ 6ಕ್ಕೆ ಏರಿಸಿತು. 2008ರ ಹಿಂಜರಿತ ಬಂದಾಗ ಮೀಸಲಿಟ್ಟ ಆದಾಯ ಸಾಲದೆ, ಕೊರತೆಯನ್ನು ರಾಜ್ಯದ ಸಾಮಾನ್ಯ ನಿಧಿಯಿಂದ ತುಂಬಬೇಕಾಯಿತು. ಮನೆಗಳನ್ನು ಬಿಟ್ಟಿದ್ದರಿಂದ, ಅಂಗಡಿ, ಕಾರ್ಖಾನೆ ಕಡಿಮೆಯಿದ್ದ ಜಿಲ್ಲೆಗಳಿಗೆ ತೆರಿಗೆ ಹಾಕಲು ಹೆಚ್ಚೇನೂ ಉಳಿದಿರಲಿಲ್ಲ. ಆಸ್ತಿ ತೆರಿಗೆ ಹಾಗೆ ಥಟ್ಟನೆ ಬೀಳುವುದಿಲ್ಲ. ಮೌಲ್ಯಮಾಪನ ಹಿಂದುಳಿಯುವುದರಿಂದ ಪೆಟ್ಟು ತಡವಾಗಿ ಬೀಳುತ್ತದೆ.

ಮಿಶಿಗನ್‌ನ ಸುಧಾರಣೆ ಮುಟ್ಟದೆ ಬಿಟ್ಟ ಒಂದು ಭಾಗವಿದೆ. ನಿರ್ವಹಣಾ ಖರ್ಚಿಗೆ ರಾಜ್ಯ ಹೆಗಲು ಕೊಟ್ಟಿತು. ಹೊಸ ಕಟ್ಟಡದ ಸಾಲವನ್ನು ತೀರಿಸುವುದು ಇವತ್ತಿಗೂ ಮುಖ್ಯವಾಗಿ ಸ್ಥಳೀಯ ಆಸ್ತಿ ತೆರಿಗೆಯೇ. ಹೀಗಾಗಿ ತಲಾ ಆಸ್ತಿ ಕಡಿಮೆಯಿರುವ ಜಿಲ್ಲೆ ಅಷ್ಟೇ ದೊಡ್ಡ ಶಾಲೆ ಕಟ್ಟಲು ಹೆಚ್ಚು ಮಿಲ್ ತೆರಬೇಕು.